ಅವ್ವ ತಿಂದ ಬ್ರೆಡ್ಡು

ನನ್ನ ಅಣ್ಣನ ಹೆಂಡತಿ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಸಂಬಂಧದಲ್ಲಿ ದೊಡ್ಡವಳು. ಎದುರಿಗೆ ಸಿಕ್ಕಾಗಲೆಲ್ಲ ಬಾಯಿ ತುಂಬ ಅತ್ತಿಗೆ ಎನ್ನಬೇಕು, ಬನ್ನಿ ಹೋಗಿ ಎಂದು ಮಾತಾಡಿಸಬೇಕು. ಇಲ್ಲಿ ಬರೆಯುವಾಗಲಾದರೂ ಅವಳು ಎನ್ನುತ್ತೇನೆ, ಅಷ್ಟು ಸ್ವಾತಂತ್ರ್ಯ ನನಗಿರಲಿ. ಅವಳು ನನಗಿಂತ ಬೆಳ್ಳಗಿದ್ದಳು, ಶಿವಮೊಗ್ಗದಲ್ಲಿ ಬೆಳೆದವಳು, ಪ್ರತಿ ಸೀರೆಗೂ ಹೊಂದುವ ರವಿಕೆ ಇಟ್ಟುಕೊಂಡಿದ್ದಳು. ಇದನ್ನೆಲ್ಲ ನಾನು ಹೇಗೋ ನುಂಗಿಕೊಂಡಿದ್ದೆ. ಗಂಟಲಲ್ಲಿ ಸಿಕ್ಕಿಕೊಂಡದ್ದು ಅವಳು ಮಾಡುತ್ತಿದ್ದ ಬ್ರೆಡ್ಡು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನ್ನನ್ನು ಸೊರಬದಿಂದ ಶಿಕಾರಿಪುರಕ್ಕೆ ಕೊಟ್ಟಿದ್ದರು. ಗಂಡ ಅಲ್ಲಿ ಶಾಲಾ ಮೇಷ್ಟ್ರು. ಬಾಡಿಗೆ ಮನೆ, ಜೊತೆಗೆ ಅತ್ತೆ, ತೊಟ್ಟಿಲಲ್ಲಿ ಇನ್ನೂ ಕೂರಲು ಬಾರದ ಹೆಣ್ಣು ಕೂಸು. ಸೊರಬದಲ್ಲಿ ಅವ್ವ, ಗದ್ದೆ ನೋಡಿಕೊಳ್ಳುವ ಅಣ್ಣ, ತಡವಾಗಿ ಮದುವೆಯಾಗಿ ಅವನು ತಂದ ಈ ಅತ್ತಿಗೆ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು.

ಅಪ್ಪ ಹೋದ ವರ್ಷ ಅವ್ವ ಹಾಸಿಗೆ ಹಿಡಿದಿದ್ದಳು. ದೊಡ್ಡಮ್ಮ, ಚಿಕ್ಕಮ್ಮ, ಯಾರು ತಟ್ಟೆ ಹಿಡಿದು ಬಂದರೂ ಗೋಡೆ ಕಡೆ ಹೊರಳಿ ಮಲಗುತ್ತಿದ್ದಳು. ನಾನು ಗಂಜಿ ಕಾಸಿ, ಚಿಟಿಕೆ ಉಪ್ಪು, ಒಂದು ಹನಿ ತುಪ್ಪ ಹಾಕಿ ತಂದರೆ ಎದ್ದು ಕೂತು ಬಟ್ಟಲು ಬರಿದು ಮಾಡುತ್ತಿದ್ದಳು. ಆಗ ನಾನಿನ್ನೂ ಲಂಗ ಉಡುತ್ತಿದ್ದ ಹುಡುಗಿ. ಅಲ್ಲಿಂದ ಮುಂದೆ ಅವ್ವ ಮೈಗೆ ಸರಿಯಿಲ್ಲದಾಗಲೆಲ್ಲ ನನ್ನ ಕೈಯದ್ದು ಬಿಟ್ಟು ಬೇರೆಯವರದ್ದು ಮುಟ್ಟುವುದಿಲ್ಲ ಎಂಬುದು ನಮ್ಮ ಕೇರಿಗೆಲ್ಲ ಗೊತ್ತಾಯಿತು. ಗದ್ದೆ, ಮನೆ, ದನ ಅಣ್ಣನಿಗೆ. ಇದೊಂದು ನನ್ನದು. ಮದುವೆಯಾಗಿ ಬಸ್ಸು ಹತ್ತಿದಾಗಲೂ ಇದರಲ್ಲಿ ಯಾರೂ ಪಾಲು ಕೇಳಲಾರರು ಎಂಬ ಧೈರ್ಯ ನನಗಿತ್ತು.

ಅವ್ವನಿಗೆ ವಿಷಮಶೀತ ಜ್ವರ ಬಂದಿದೆ ಎಂಬ ಸುದ್ದಿ ನನಗೆ ಮುಟ್ಟಿದ್ದು ಸೊರಬದ ಬಸ್ಸಿನ ಕಂಡಕ್ಟರನ ಬಾಯಿಂದ. ಅಷ್ಟರಲ್ಲಿ ಜ್ವರ ಇಳಿದೂ ಆಗಿತ್ತಂತೆ. ನನಗೆ ಮೊದಲೇ ಯಾಕೆ ಹೇಳಿ ಕಳಿಸಲಿಲ್ಲ ಎಂದು ಸಿಟ್ಟು ಬಂತು. ಆದರೂ ದಾರಿಯುದ್ದಕ್ಕೂ ಒಂದೇ ಚಿತ್ರ ಕಟ್ಟಿಕೊಂಡು ಹೋದೆ: ಅವ್ವ ಗೋಡೆ ಕಡೆ ಹೊರಳಿ ಮಲಗಿದ್ದಾಳೆ, ಏನೂ ತಿಂದಿಲ್ಲ, ಅಣ್ಣ ಅತ್ತಿಗೆ ಇಬ್ಬರೂ ಕೈಚೆಲ್ಲಿ ಕೂತಿದ್ದಾರೆ, ನಾನು ಹೋಗಿ ಒಲೆ ಹಚ್ಚುತ್ತೇನೆ. ಹಳೆ ಸಣ್ಣಕ್ಕಿಯ ನುಚ್ಚನ್ನು ಗಂಟು ಕಟ್ಟಿ ಚೀಲದಲ್ಲಿ ಹಾಕಿಕೊಂಡಿದ್ದೆ. ತಾಯಿ ಉಪವಾಸವಿರಲಿ ಎಂದು ಯಾವ ಮಗಳೂ ಬಯಸುವುದಿಲ್ಲ, ನಿಜ. ನಾನು ಬರುವ ತನಕ ಒಂದು ಹೊತ್ತಾದರೂ ಉಪವಾಸ ಇದ್ದಿರಲಿ ಎಂದು ಬಯಸಿದ್ದೆ.

ಹೋಗಿ ನೋಡಿದರೆ ಅವ್ವ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಬೆನ್ನಿಗೆ ದಿಂಬು. ಪಕ್ಕದಲ್ಲಿ ಅತ್ತಿಗೆ. ಅವಳ ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಹಾಲು, ಹಾಲಿನಲ್ಲಿ ಬೆಳ್ಳಗೆ ಅರಳಿದ ಬ್ರೆಡ್ಡಿನ ಹೋಳು. ಅತ್ತಿಗೆ ಚಮಚದಿಂದ ಎತ್ತಿ ಹಿಡಿದರೆ ಅವ್ವ ಕೂಸಿನ ಹಾಗೆ ಬಾಯಿ ತೆರೆಯುತ್ತಿದ್ದಳು. ನನ್ನನ್ನು ಕಂಡು ಕಣ್ಣು ಒದ್ದೆ ಮಾಡಿಕೊಂಡಳು, ಮೊಮ್ಮಗಳ ಕಾಲು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನಾನು ಗಂಜಿ ಮಾಡುತ್ತೇನೆ ಎಂದು ಸೆರಗು ಸಿಕ್ಕಿಸಿ ಎದ್ದರೆ ಬೇಡ, ಹೊಟ್ಟೆ ತುಂಬಿದೆ ಎಂದಳು. ನುಚ್ಚಿನ ಗಂಟು ಚೀಲದಲ್ಲೇ ಉಳಿಯಿತು.

ಈಗಿನವರಿಗೆ ಇದರಲ್ಲಿ ಏನು ವಿಶೇಷ ಎನ್ನಿಸಬಹುದು. ಆ ಕಾಲದಲ್ಲಿ ನಮ್ಮ ಕಡೆ ಬ್ರೆಡ್ಡನ್ನು ಔಷಧಿಯ ಲೆಕ್ಕದಲ್ಲಿ ಇಟ್ಟಿದ್ದರು. ಸಾಗರದಿಂದಲೋ ಶಿವಮೊಗ್ಗದಿಂದಲೋ ಬಸ್ಸಿನಲ್ಲಿ ಬರಬೇಕು. ಕಾಗದ ಸುತ್ತಿದ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಯಾರಾದರೂ ಬೀದಿಯಲ್ಲಿ ಹೋದರೆ ಜಗಲಿಯಲ್ಲಿ ಕೂತವರು ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಿದ್ದರು. ಆರೋಗ್ಯವಾಗಿರುವವನು ಬ್ರೆಡ್ಡು ತಿಂದರೆ ಅದೊಂದು ಅಪಶಕುನ. ಅವ್ವನಂಥವರು ಕಾಯಿಲೆ ಬಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. ಹಿಟ್ಟು ಉಬ್ಬಲಿಕ್ಕೆ ಹೆಂಡ ಹಾಕುತ್ತಾರಂತೆ, ಕಾಲಿನಲ್ಲಿ ತುಳಿಯುತ್ತಾರಂತೆ ಎಂಬ ಮಾತು ಮನೆಮನೆಯಲ್ಲೂ ಇತ್ತು. ಡಾಕ್ಟರು ಹಾಲು ಬ್ರೆಡ್ಡು ಕೊಡಿ ಎಂದಾಗ ಅವ್ವ ಸತ್ತರೂ ಅದು ಬೇಡ ಎಂದಿದ್ದಳಂತೆ. ಆಗ ಅತ್ತಿಗೆ, ನಾನು ಮನೆಯಲ್ಲೇ ಮಾಡುತ್ತೇನೆ ಎಂದಿದ್ದಾಳೆ. ಶಿವಮೊಗ್ಗದಲ್ಲಿ ಅವಳ ಮನೆಯ ಗೋಡೆಗೆ ಹೊಂದಿಕೊಂಡು ಒಬ್ಬ ನರ್ಸಮ್ಮನ ಮನೆ ಇತ್ತಂತೆ, ಅಲ್ಲಿ ಕಲಿತದ್ದಂತೆ. ಒಣದ್ರಾಕ್ಷಿ, ಸಕ್ಕರೆ ನೀರಲ್ಲಿ ಹಾಕಿಟ್ಟು ಹುಳಿ ಬರಿಸಿ, ಅದರಲ್ಲಿ ಮೈದಾ ಕಲಸಿ ಹುಳಿಹಿಟ್ಟು ಮಾಡಿಕೊಂಡಳಂತೆ. ಹೆಂಡವೂ ಇಲ್ಲ, ಕಾಲೂ ಇಲ್ಲ.

ಅಣ್ಣ ಇದನ್ನೆಲ್ಲ ಹೇಳುವಾಗ ಅವನ ಮುಖ ನೋಡಬೇಕಿತ್ತು. ಭತ್ತಕ್ಕೆ ಒಳ್ಳೆ ಧಾರಣೆ ಬಂದಾಗ ಕೂಡ ಅವನು ಅಷ್ಟು ಬೀಗಿದ್ದನ್ನು ನಾನು ಕಂಡಿಲ್ಲ. ನನಗೆ ಯಾಕೆ ಹೇಳಿ ಕಳಿಸಲಿಲ್ಲ ಎಂದು ಕೇಳಿದ್ದಕ್ಕೆ, ನಿನಗೆ ಎಳೆ ಕೂಸಿದೆ, ಅಂಟು ಜ್ವರ, ಇವಳು ಇದ್ದಳಲ್ಲ ಎಂದ. ಇವಳು ಇದ್ದಳಲ್ಲ. ಆ ಮಾತನ್ನು ನಾನು ಎಷ್ಟು ಕಾಲ ಜಗಿದೆನೋ.

ಸೊರಬದಲ್ಲಿ ಉಳಿದುಕೊಂಡ ಅಷ್ಟೂ ದಿನ ನೋಡಿದ್ದು ಅವಳ ವೈಭವವನ್ನೇ. ಬೆಳಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ಬಚ್ಚಲ ಹಂಡೆಯ ಒಲೆಯಿಂದ ಕೆಂಡ ಹೊರಗೆಳೆದು, ಒಳಗೆ ಬ್ರೆಡ್ಡಿನ ಡಬ್ಬಿ ಇಟ್ಟು, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಒಂದು ವಾಸನೆ. ಒಳ್ಳೆಯ ವಾಸನೆ ಎಂದು ಒಪ್ಪಿಕೊಳ್ಳಲು ನನಗೆ ಈಗ ಅಡ್ಡಿಯಿಲ್ಲ. ವಕೀಲರ ಮನೆಯ ಹೆಂಗಸರು, ಅಂಗಡಿಯವರ ಮನೆಯ ಸೊಸೆಯಂದಿರು, ಎಲ್ಲ ನೋಡಲು ಬರುತ್ತಿದ್ದರು. ಅವರೆದುರು ಅವ್ವ, ಸೊಸೆಯ ಬ್ರೆಡ್ಡು ಇಲ್ಲದಿದ್ದರೆ ನಾನು ಎದ್ದು ಕೂರುತ್ತಿರಲಿಲ್ಲ ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು. ನಾನು ಕೂಸಿಗೆ ಹಾಲು ಕುಡಿಸುವ ನೆಪದಲ್ಲಿ ಒಳಗೆ ಹೋಗಿ ಕೂರುತ್ತಿದ್ದೆ.

ಜ್ವರ ಪೂರ್ತಿ ಬಿಟ್ಟ ಮೇಲೆ ಅತ್ತಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಬ್ರೆಡ್ಡನ್ನು ತೆಳ್ಳಗೆ ಕೊಯ್ದು, ಎರಡು ಹೋಳಿನ ಮಧ್ಯೆ ಬೆಣ್ಣೆ ಸವರಿ, ಕೊತ್ತಂಬರಿ ಚಟ್ನಿ ಹಚ್ಚಿ, ಓರೆಯಾಗಿ ಕತ್ತರಿಸಿ ಕೊಟ್ಟಳು. ಇದಕ್ಕೆ ಸ್ಯಾಂಡ್‌ವಿಚ್ ಅನ್ನುತ್ತಾರೆ ಎಂದಳು. ಅವ್ವನ ನಾಲಿಗೆಗೆ ಆ ಹೆಸರು ಹತ್ತಲಿಲ್ಲ, ಜೋಡಿ ಬ್ರೆಡ್ಡು ಎಂದು ಕರೆದಳು. ತಿಂದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಹದವಾಗಿದೆ ಎಂದಳು. ನನ್ನ ಗಂಜಿಗೆ ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಹದವಾಗಿದೆ ಎಂದದ್ದು ನೆನಪಿಲ್ಲ.

ಅವತ್ತೇ ನಿರ್ಧಾರ ಮಾಡಿದೆ, ಬ್ರೆಡ್ಡು ಕಲಿಯಬೇಕು. ಅವಳಿಗಿಂತ ಚೆನ್ನಾಗಿ ಮಾಡಬೇಕು. ಅವ್ವ ನನ್ನದನ್ನು ತಿಂದು ಅವಳದನ್ನು ಪಕ್ಕಕ್ಕೆ ಸರಿಸಬೇಕು. ಅವಳನ್ನೇ ಕೇಳಿದ್ದರೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದಳು, ಅಂಥ ಗುಣ ಅವಳದ್ದು. ಅದಕ್ಕೇ ಕೇಳಲಿಲ್ಲ. ಬಾಗಿಲ ಸಂದಿಯಿಂದ, ಬಟ್ಟೆ ಒಣಗಿಸುವ ನೆಪದಿಂದ, ಕೂಸನ್ನು ಆಡಿಸುತ್ತ ಬಚ್ಚಲ ಮುಂದೆ ಸುಳಿದಾಡಿ ನೋಡಿಕೊಂಡೆ. ಹಂಡೆಯಿಂದ ಹೊಗೆಯಾಡುವ ನೀರು ತೋಡಿಕೊಂಡಳು. ಹುಳಿಹಿಟ್ಟು, ಮೈದಾ, ಉಪ್ಪು, ಸಕ್ಕರೆ, ತುಪ್ಪ. ನಾದಿದಳು, ಒದ್ದೆ ಬಟ್ಟೆ ಮುಚ್ಚಿದಳು, ಉಬ್ಬಿದ ಮೇಲೆ ಡಬ್ಬಿಗೆ ಹಾಕಿದಳು, ಮತ್ತೆ ಉಬ್ಬಲು ಬಿಟ್ಟಳು. ಇಷ್ಟೇ ತಾನೆ ಎಂದುಕೊಂಡೆ.

ಹೊರಡುವ ದಿನ ಅವಳೇ ಒಂದು ಸ್ಟೀಲಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟಳು. ಒಳಗೆ ಹುಳಿಹಿಟ್ಟಿನ ಮುದ್ದೆ. ನೀವು ಅಷ್ಟು ಆಸೆಯಿಂದ ನೋಡುತ್ತಿದ್ದಿರಿ, ಮನೆಯಲ್ಲಿ ಮಾಡಿ ನೋಡಿ ಎಂದಳು. ನಾನು ಕದ್ದು ನೋಡಿದ್ದನ್ನು ಅವಳು ನೋಡಿದ್ದಳು. ಕೊಟ್ಟದ್ದನ್ನು ಬೇಡ ಎನ್ನಲೂ ಆಗದೆ, ಬೇಕು ಎನ್ನಲೂ ಆಗದೆ ಡಬ್ಬಿಯನ್ನು ಚೀಲಕ್ಕೆ ತುರುಕಿದೆ. ಅವಳ ಒಳ್ಳೆತನ ಅವಳ ಬ್ರೆಡ್ಡಿಗಿಂತ ಹೆಚ್ಚು ನನ್ನ ಹೊಟ್ಟೆ ಉರಿಸಿತು.

ಬಸ್ಸು ಶಿರಾಳಕೊಪ್ಪ ದಾಟುವ ಹೊತ್ತಿಗೆ ಬಿಸಿಲು ಏರಿತ್ತು. ಮಡಿಲಲ್ಲಿ ಕೂಸು, ಕಾಲ ಬಳಿ ಚೀಲ. ಚೀಲದೊಳಗೆ ಏನೋ ಟಪ್ ಎಂದಿತು. ಡಬ್ಬಿಯ ಮುಚ್ಚಳ ಹಾರಿ ಹಿಟ್ಟು ಉಕ್ಕಿ ಬರುತ್ತಿತ್ತು. ನಾನು ಅದನ್ನು ಒಳಗೆ ಒತ್ತುತ್ತಿದ್ದರೆ ಅದು ಬೆರಳ ಸಂದಿಯಿಂದ ಮೇಲೆ ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಪೇಟದ ಯಜಮಾನರ ಪಂಚೆಗೆ ಒಂದು ಎಳೆ ಅಂಟಿಕೊಂಡಿತು. ಅವರು ಅದನ್ನು ಬೆರಳಿನಿಂದ ಎಳೆದು ನೋಡಿ, ಇದು ಜೀವ ಇರೋ ವಸ್ತುವೇನವ್ವಾ ಎಂದು ಕೇಳಿದರು. ಬಸ್ಸಿನವರೆಲ್ಲ ನಕ್ಕರು. ಅವಳು ಬೇಕೆಂದೇ ಹೀಗೆ ಮಾಡಿದ್ದಾಳೆ ಎಂದು ನಾನು ಶಿಕಾರಿಪುರದ ತನಕ ಲೆಕ್ಕ ಹಾಕಿದೆ.

ಶಿಕಾರಿಪುರದಲ್ಲಿ ಗಂಡನಿಗೆ ಹೇಳಿ ತಗಡಿನವನ ಹತ್ತಿರ ಒಂದು ಡಬ್ಬಿ ಮಾಡಿಸಿದೆ. ಅತ್ತಿಗೆ ಬ್ರೆಡ್ಡು ಬೇಯಿಸುವ ಡಬ್ಬಿಗೆ ಮುಚ್ಚಳ ಇರಲಿಲ್ಲ, ಅವಳ ಬ್ರೆಡ್ಡು ಮೇಲೆ ಗುಡ್ಡದ ಹಾಗೆ ಉಬ್ಬುತ್ತಿತ್ತು. ನಾನು ಜಾರಿಸಿ ಹಾಕುವ ಮುಚ್ಚಳವನ್ನೂ ಮಾಡಿಸಿದೆ, ನನ್ನದು ನಾಲ್ಕೂ ಕಡೆ ಚೌಕವಾಗಿ ಬರಬೇಕು ಎಂದು. ಮೈದಾ ಎಂದರೆ ಅತ್ತೆಗೆ ಹೋಳಿಗೆಯ ಕಣಕ, ಇಲ್ಲವೆ ಗೋಡೆಗೆ ಕಾಗದ ಹಚ್ಚುವ ಅಂಟು. ಅಷ್ಟೊಂದು ಮೈದಾ ಕಂಡು ಹಬ್ಬ ಯಾವುದು ಎಂದು ಕೇಳಿದರು. ಅವರ ತವರು ಈಸೂರು, ಬ್ರಿಟಿಷರಿಗೇ ಬಗ್ಗದ ಊರು, ಮಾತಿನಲ್ಲಿ ಅವರೂ ಯಾರಿಗೂ ಬಗ್ಗಿದವರಲ್ಲ. ದಿನಕ್ಕೊಂದು ಹೊತ್ತಾದರೂ ರೊಟ್ಟಿ ಇಲ್ಲದೆ ಊಟವೇ ಅಲ್ಲ ಎನ್ನುವವರು.

ಮೊದಲ ಬ್ರೆಡ್ಡಿಗೆ ನಾನು ಮಾಡಿದ್ದು ಇದು. ನೀರನ್ನು ಮರಳುವ ತನಕ ಕಾಯಿಸಿ, ಹಿಟ್ಟಿಗೆ ಸುರಿದು, ಬೆರಳು ಸುಡುತ್ತಿದ್ದರೂ ಬಿಡದೆ ನಾದಿದೆ. ಅಕ್ಕಿ ರೊಟ್ಟಿ ಮಾಡಿ ಬೆಳೆದ ಕೈಗೆ ನೀರು ಕುದಿಯದೆ ಹಿಟ್ಟು ಮುಟ್ಟುವ ಅಭ್ಯಾಸವೇ ಇಲ್ಲ. ಅತ್ತಿಗೆ ಹೊಗೆಯಾಡುವ ನೀರು ತೋಡಿದ್ದನ್ನು ಕಣ್ಣಾರೆ ಕಂಡಿದ್ದೆನಲ್ಲ. ಹಿಟ್ಟು ಉಬ್ಬಲಿಲ್ಲ. ಬಟ್ಟೆ ಎತ್ತಿ ಎತ್ತಿ ನೋಡಿದೆ. ಇಟ್ಟ ಹಾಗೇ ಕೂತಿತ್ತು. ಹಂಡೆಯ ಒಲೆಯಲ್ಲಿ ಬೆಂದರೆ ಉಬ್ಬೀತು ಎಂದು ಇಟ್ಟೆ. ಹೊರಗೆ ಬಂದದ್ದನ್ನು ಅತ್ತೆ ಕೈಯಲ್ಲಿ ತೂಗಿ ನೋಡಿ, ಇದನ್ನು ಬಾಗಿಲಿಗೆ ಅಡ್ಡ ಇಡಬಹುದು ಎಂದರು.

ವಾಸನೆ ಮಾತ್ರ ಬೀದಿಗೆಲ್ಲ ಹಬ್ಬಿತ್ತು. ಸಂಜೆ ಎದುರು ಮನೆಯವರು ಎರಡು ಎಳನೀರು ಹಿಡಿದು ಬಂದರು. ಅವರ ಹಿಂದೆ ಮೂಲೆಮನೆಯ ಅಜ್ಜಿ, ಸೆರಗಿನಲ್ಲಿ ಮೂಸಂಬಿ. ಬ್ರೆಡ್ಡಿನ ವಾಸನೆ ಬಂದ ಮನೆಯಲ್ಲಿ ಯಾರೋ ಮಲಗಿದ್ದಾರೆ ಎಂದೇ ಅರ್ಥ. ಕೂಸಿಗೋ ಮೇಷ್ಟ್ರಿಗೋ ಎಂದು ದನಿ ತಗ್ಗಿಸಿ ಕೇಳಿದರು. ಅತ್ತೆ ಎಳನೀರು ತೆಗೆದುಕೊಂಡು ಒಳಗಿಟ್ಟು ಹೇಳಿದರು:

"ಯಾರಿಗೂ ಏನೂ ಆಗಿಲ್ರೀ. ನಮ್ಮ ಸೊಸಿಗೆ ಬ್ರೆಡ್ಡಿನ ಜ್ವರ ಬಂದೈತಿ."

ಅರ್ಧ ಹುಳಿಹಿಟ್ಟನ್ನು ಡಬ್ಬಿಯಲ್ಲೇ ಉಳಿಸಿದ್ದೆ, ಅದೊಂದು ಪುಣ್ಯ. ದಿನವೂ ಅದಕ್ಕೆ ಹಿಡಿ ಮೈದಾ, ಸ್ವಲ್ಪ ನೀರು ಕೊಟ್ಟು ಸಾಕಿಕೊಂಡಿದ್ದೆ. ಅತ್ತಿಗೆ ಏನನ್ನೋ ಬಚ್ಚಿಟ್ಟಿದ್ದಾಳೆ, ಹುಳಿಹಿಟ್ಟಿನ ಜೊತೆ ಬೇರೆ ಏನೋ ಹಾಕುತ್ತಾಳೆ ಎಂದು ನನಗೆ ಅನುಮಾನ. ಅದೇ ತಲೆಯಲ್ಲಿ ಸುತ್ತುತ್ತಿದ್ದಾಗ ಒಂದು ಬೆಳಗ್ಗೆ ಅತ್ತೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರಿಗಾಗಿ ಕಾಯುತ್ತಿದ್ದರು. ನಾನು ಹಂಡೆಯ ನೀರನ್ನು ಹಾಗೇ ತೋಡಿ ತಂದೆ, ತಣ್ಣೀರು ಬೆರೆಸುವುದು ಮರೆತಿತ್ತು. ಅತ್ತೆ ಬೆರಳು ಅದ್ದಿ ಕೈ ಕೊಡವಿದರು.

"ಎಳೆ ಜೀವ ಐತವ್ವಾ ಇದು. ಕುದಿಯೋ ನೀರು ಹಾಕಿದ್ರ ಉಳೀತೈತೇನು?"

ನಾನು ಚೊಂಬು ಹಿಡಿದು ಅಲ್ಲೇ ನಿಂತುಬಿಟ್ಟೆ. ಬಸ್ಸಿನಲ್ಲಿ ಡಬ್ಬಿಯಿಂದ ಹೊರಗೆ ಬಂದ ಆ ಜೀವವನ್ನು ನನ್ನ ಕೈಯಾರೆ ನಾನೇ ಬೇಯಿಸಿ ಹಾಕಿದ್ದೆ. ಅತ್ತಿಗೆ ತೋಡಿಕೊಂಡ ಬಿಸಿನೀರಿಗೆ ಪಕ್ಕದ ಕೊಡದಿಂದ ತಣ್ಣೀರು ಬೆರೆಸಿರಬೇಕು, ಆ ಹೊತ್ತಿಗೆ ಕೂಸು ಅತ್ತು, ಬಾಗಿಲ ಸಂದಿಯಲ್ಲಿದ್ದ ನಾನು ಆ ಕಡೆ ತಿರುಗಿರಬೇಕು. ಅವಳು ಏನನ್ನೂ ಬಚ್ಚಿಟ್ಟಿರಲಿಲ್ಲ ಎಂದು ತಿಳಿದು ನನಗೆ ಸಮಾಧಾನವಾಗಬೇಕಿತ್ತು. ಬೇಸರವಾಯಿತು.

ಅವತ್ತೇ ಕೂಸಿಗೆ ಎರೆಯುವ ಹದದ ನೀರಿನಲ್ಲಿ ಕಲಸಿದೆ. ಉಬ್ಬಿತು. ಆ ಸಂತೋಷದಲ್ಲಿ ಹಿಟ್ಟನ್ನು ಮಣೆಯ ಮೇಲೆ ಹಾಕಿ ಎರಡೂ ಕೈಯಿಂದ ಪಟಪಟನೆ ತಟ್ಟಿದೆ. ಹಿಟ್ಟು ಕಂಡರೆ ತಟ್ಟುವುದು, ಕೈಗೆ ಬೇರೆ ಏನು ಗೊತ್ತು. ಒಳಗಿನ ಗಾಳಿಯೆಲ್ಲ ಹೋಗಿ, ಸುತ್ತಿ ಡಬ್ಬಿಯಲ್ಲಿ ಇಟ್ಟರೆ ಅದು ಅರ್ಧಕ್ಕೇ ನಿಂತಿತು. ಅತ್ತೆ ಅದನ್ನು ಸಾರಿನಲ್ಲಿ ನೆನೆಸಿ ತಿಂದು, ಮೊದಲಿನದಕ್ಕಿಂತ ಹಲ್ಲಿಗೆ ಕನಿಕರ ಐತಿ ಎಂದರು. ನನ್ನ ಗಂಡ ಏನೂ ಹೇಳದೆ ತಿಂದರು. ಅವರು ಏನು ಕೊಟ್ಟರೂ ಹಾಗೇ ತಿನ್ನುವವರು, ಅವರ ಮೆಚ್ಚುಗೆಯಿಂದ ನನಗೆ ಪ್ರಯೋಜನವಿರಲಿಲ್ಲ.

ಆಮೇಲೆ ಕೈಯನ್ನು ಹಿಡಿತಕ್ಕೆ ತಂದುಕೊಳ್ಳುವುದೇ ನನ್ನ ಕೆಲಸವಾಯಿತು. ಉಬ್ಬಿದ ಹಿಟ್ಟನ್ನು ಮುಟ್ಟುವ ಮೊದಲು ಕೈಗೆ ತುಪ್ಪ ಸವರಿಕೊಂಡು, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಡಬ್ಬಿಗೆ ಇಳಿಸುವುದು ಕಲಿತೆ. ಒಲೆಯ ಕಾವು ನೋಡಲು ಹಿಡಿ ಹಿಟ್ಟು ಎಸೆದು, ಅದು ಕಪ್ಪಾಗದೆ ಕೆಂಪಾದರೆ ಸರಿ ಎಂದು ಕಂಡುಕೊಂಡೆ. ಒಂದು ದಿನ ಡಬ್ಬಿಯ ಮುಚ್ಚಳ ಜಾರಿಸಿದರೆ ಒಳಗೆ ಇಟ್ಟಿಗೆಯಷ್ಟು ಚೌಕ, ನಾಲ್ಕೂ ಮೂಲೆ ಚೂಪು, ಮೈಯೆಲ್ಲ ಒಂದೇ ಬಣ್ಣ. ಬೆರಳಿಂದ ಒತ್ತಿ ಬಿಟ್ಟರೆ ಮೇಲೆ ಬಂತು. ಕೊಯ್ದರೆ ಒಳಗೆ ಎಲ್ಲೂ ಹಸಿ ಇಲ್ಲ. ಅತ್ತೆ ಎರಡನೆಯ ಹೋಳನ್ನು ತಾವಾಗಿಯೇ ಕೇಳಿದರು. ಅವರು ಹೊಗಳಿದ ಮಾತು ನೆನಪಿಲ್ಲ, ಆ ಹೊತ್ತಿಗೆ ನನ್ನ ಮನಸ್ಸು ಸೊರಬದಲ್ಲಿತ್ತು. ಮರುದಿನವೇ ಇನ್ನೊಂದು ಮಾಡಿ, ಆರಿಸಿ, ಒಗೆದ ಪಂಚೆಯ ತುಂಡಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಯಾರಿಗೆ ಹುಷಾರಿಲ್ಲ ಎಂದು ಕೇಳಿದವರಿಗೆಲ್ಲ, ಎಲ್ಲ ಹುಷಾರಾಗಿದ್ದಾರೆ ಎಂದು ಹೇಳುತ್ತ ಹೋದೆ.

ಅವ್ವ ಮೊದಲಿನ ಹಾಗಾಗಿದ್ದಳು. ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಣ್ಣ ಗದ್ದೆಯಲ್ಲಿ. ಅತ್ತಿಗೆ ವಕೀಲರ ಮನೆಗೆ ಹೋಗಿದ್ದಳು, ಅಲ್ಲಿನ ಹೆಂಗಸರು ಬ್ರೆಡ್ಡು ಕಲಿಸಲು ಕರೆದಿದ್ದರಂತೆ. ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಎಲ್ಲ ಒದಗಿ ಬಂತು. ಕೂಸನ್ನು ಅವ್ವನ ಮಡಿಲಿಗೆ ಹಾಕಿ ಬ್ರೆಡ್ಡು ಬಿಚ್ಚಿದೆ. ತೆಳ್ಳಗೆ ಕೊಯ್ದೆ. ಬೆಣ್ಣೆ ಸವರಿ, ಚಟ್ನಿ ಹಚ್ಚಿ, ಓರೆಯಾಗಿ ಕತ್ತರಿಸಿ ತಟ್ಟೆಯಲ್ಲಿಟ್ಟು ಅವ್ವನ ಮುಂದೆ ತಳ್ಳಿದೆ.

ಅವ್ವ ನೋಡಿದಳು. ನೀನು ಮಾಡಿದ್ದಾ ಎಂದಳು. ಹೌದು ಎಂದೆ. ಎಷ್ಟು ಚೌಕ ಬಂದಿದೆ ಎಂದಳು. ಆಮೇಲೆ ಎತ್ತಿಡು, ನಿನ್ನಣ್ಣ ಬಂದು ತಿಂತಾನೆ ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ನಾನು ಎತ್ತಿಡಲಿಲ್ಲ. ಅವಳು ಸುಲಿಯುತ್ತಲೇ ಇದ್ದಳು. ಕೊನೆಗೆ ಮಗುವಿನ ಹಾಗೆ ಕೇಳಿಯೇಬಿಟ್ಟೆ.

"ಎಂತಕ್ಕೆ ಅವ್ವಾ, ನಂದು ತಿನ್ನೋದಿಲ್ವಾ?"

"ಬ್ರೆಡ್ಡು ನಂಗೆ ಯಾವತ್ತು ಸೇರಿದೆ ಮಾರಾಯ್ತಿ. ಹತ್ತಿ ಅಗಿದಂಗೆ ಆಗ್ತದೆ."

"ಅತ್ತಿಗೆದು ತಿಂತಿದ್ಯಲ್ಲ."

"ಅವಳ್ದು ತಿನ್ಲೇಬೇಕು. ನೀನು ಮಗಳಲ್ವಾ, ನಿನ್ನ ಹತ್ರ ಎಂತ ನಾಟಕ."

ಆಮೇಲೆ ದನಿ ತಗ್ಗಿಸಿ ಉಳಿದದ್ದನ್ನು ಹೇಳಿದಳು. ಅತ್ತಿಗೆಗೆ ತಾಯಿ ಇಲ್ಲ, ತವರಲ್ಲಿ ಚಿಕ್ಕತಾಯಿ, ಹೋದರೆ ಕೂತ್ಕೋ ಎನ್ನುವವರಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಮಡಿಲು ತುಂಬಿಲ್ಲ. ಈಗ ಬ್ರೆಡ್ಡು ಕಲಿಸಿ ಎಂದು ಕರೆಯುವ ಅದೇ ವಕೀಲರ ಮನೆಯವರು ಹೋದ ವರ್ಷ ತೊಟ್ಟಿಲು ಶಾಸ್ತ್ರಕ್ಕೆ ಮನೆಯವರನ್ನೆಲ್ಲ ಕರೆದು ಅವಳನ್ನು ಬಿಟ್ಟಿದ್ದರು. ಜ್ವರದಲ್ಲಿ ಮೊದಲ ದಿನ ಆ ಬ್ರೆಡ್ಡು ಬಾಯಿಗೆ ಹಾಕಿಕೊಂಡಾಗ ಉಗುಳಬೇಕೆನ್ನಿಸಿತಂತೆ. ತಲೆ ಎತ್ತಿದರೆ ಅತ್ತಿಗೆಯ ಮುಖ ಎದುರಿಗೇ ಇತ್ತಂತೆ. ನುಂಗಿದಳಂತೆ. ಅಲ್ಲಿಂದ ನುಂಗುತ್ತಲೇ ಇದ್ದಾಳಂತೆ. ನಿನ್ನ ಗಂಜಿ ನೆನೆಸಿಕೊಂಡು ನುಂಗಿದೆ ಎಂದಳು.

ಈ ಮಾತಿಗೆ ನಾನು ಕರಗಿಹೋಗಬೇಕಿತ್ತು. ಗೆದ್ದವಳು ನಾನೇ ಎಂದು ಅವ್ವ ಬಾಯಿಬಿಟ್ಟು ಹೇಳಿದ್ದಳು. ಆದರೆ ನನ್ನ ಕಣ್ಣು ತಟ್ಟೆಯ ಮೇಲಿತ್ತು. ಕೈ ಸುಟ್ಟುಕೊಂಡು, ಬೀದಿಯವರ ಬಾಯಿಗೆ ಬಿದ್ದು, ಬಸ್ಸಿನಲ್ಲಿ ಕೂಸಿಗಿಂತ ಜೋಪಾನವಾಗಿ ಹಿಡಿದು ತಂದದ್ದು ಅಲ್ಲಿ ಒಣಗುತ್ತಿತ್ತು. ಅತ್ತಿಗೆಗಾಗಿ ಅಷ್ಟು ದಿನ ಉಗುಳಬೇಕಾದದ್ದನ್ನು ನುಂಗಿದವಳು ನನಗಾಗಿ ಒಂದು ತುತ್ತು ನುಂಗಬಾರದಿತ್ತೇ. ನನಗೂ ಒಂದು ಸುಳ್ಳು ಹೇಳಬಾರದಿತ್ತೇ. ಅವಳ ಬ್ರೆಡ್ಡಿನ ಮೇಲಿದ್ದ ಹೊಟ್ಟೆಕಿಚ್ಚು ಆ ಗಳಿಗೆಯಲ್ಲಿ ಆರಿಹೋಯಿತು, ಅವಳಿಗೆ ಸಿಕ್ಕ ಸುಳ್ಳಿನ ಮೇಲೆ ಹತ್ತಿಕೊಂಡಿತು.

ಆಗಲೇ ಅತ್ತಿಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ವಕೀಲರ ಮನೆಯವರು ಮುಡಿಸಿದ ಹೂವು ತಲೆಯಲ್ಲಿತ್ತು. ನನ್ನನ್ನು ಕಂಡು ಹಿಗ್ಗಿದಳು, ಕೂಸಿನ ಕೆನ್ನೆ ಮುಟ್ಟಿದಳು. ಆಮೇಲೆ ಮಣೆಯ ಮೇಲಿದ್ದ ಬ್ರೆಡ್ಡು ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಮೂಲೆ ಸವರಿದಳು, ಒತ್ತಿ ಬಿಟ್ಟಳು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನಿಧಾನ ಅಗಿದಳು.

"ನಂದಕ್ಕಿಂತ ಚೆನ್ನಾಗಿದೆ," ಎಂದಳು.

ಹೇಳಿದ್ದು ಮನಸ್ಸಿನಿಂದಲೇ. ಹೇಳಿ ಮುಗಿಯುವಷ್ಟರಲ್ಲಿ ಮುಖ ಬಾಡಿತು. ಬ್ರೆಡ್ಡನ್ನು ಮಣೆಯ ಮೇಲೆ ಇಡುವಾಗ ಅವಳ ಕೈ ಸ್ವಲ್ಪ ಹೊತ್ತು ಅದರ ಮೇಲೇ ಇತ್ತು. ಆ ಮುಖವನ್ನು ಕಾಣಬೇಕೆಂದೇ ನಾನು ಅಷ್ಟು ದಿನ ಹಿಟ್ಟು ನಾದಿದ್ದು.

ಅವ್ವ ಕೂಸನ್ನು ನನ್ನ ಕೈಗೆ ಕೊಟ್ಟು ಎದ್ದಳು. ಗೂಡಿನಲ್ಲಿದ್ದ ಅತ್ತಿಗೆಯ ಬ್ರೆಡ್ಡಿನ ಪಾತ್ರೆ ತೆಗೆದು, ಹಿಂದಿನ ದಿನದ ಒಂದು ಹೋಳು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು, ನುಂಗಿದಳು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಸೊಸೆಯ ಕಡೆ ತಿರುಗಿದಳು.

"ಎಂತದೂ ಇಲ್ಲ. ಚೌಕ ಬಂದ್ರೆ ಆಯ್ತಾ, ತಿಂದ್ರೆ ಮರಳು ಮರಳು. ನಿನ್ನ ಹದ ಅವಳಿಗೆ ಎಲ್ಲಿ ಬರ್ಬೇಕು."

ನನ್ನ ಬ್ರೆಡ್ಡಿನ ಒಂದು ಕಾಳಷ್ಟನ್ನೂ ಅವಳು ನಾಲಿಗೆಗೆ ಮುಟ್ಟಿಸಿರಲಿಲ್ಲ. ಅತ್ತಿಗೆ ನಂಬಲೋ ಬೇಡವೋ ಎಂದು ಅವ್ವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವ್ವನೂ ನನ್ನನ್ನೇ ನೋಡಿದಳು. ಏನು ಬೇಕೆಂದು ಬಾಯಿಬಿಟ್ಟು ಕೇಳಲಿಲ್ಲ. ಮಗಳ ಹತ್ತಿರ ಕೇಳಬೇಕಾಗಿರಲಿಲ್ಲ.

"ಹೌದು ಅತ್ತಿಗೆ," ಎಂದೆ. "ನಿಮ್ಮಷ್ಟು ಹದ ನಂಗೆ ಬರ್ಲಿಲ್ಲ."

ಅಷ್ಟು ಹೇಳಿ ಅವ್ವನ ಕಡೆ ತಿರುಗಿದೆ, ಒಂದು ಸಲ ನನ್ನನ್ನು ನೋಡಲಿ ಎಂದು. ಅವಳು ನೋಡಲಿಲ್ಲ. ಅತ್ತಿಗೆಯ ಮುಖ ಅರಳಿತೋ ಇಲ್ಲವೋ ಎಂದು ನೋಡುತ್ತಿದ್ದಳು.